ಬೆನ್ನುಕುರ್ಚಿ

ಮೂವತ್ತೊಂದು ವರ್ಷ ನಾನು ಬಸ್ಸುಗಳಲ್ಲಿ ಟಿಕೆಟ್ ತಪಾಸಣೆ ಮಾಡಿದವಳು. ಯಾರ ಬಳಿ ಟಿಕೆಟ್ ಇಲ್ಲವೆಂದು ತಿಳಿಯಲು ನಾನು ಜೇಬು ನೋಡುತ್ತಿರಲಿಲ್ಲ, ಮುಖ ನೋಡುತ್ತಿದ್ದೆ. ಟಿಕೆಟ್ ಇಲ್ಲದವನಿಗೆ ಇದ್ದಕ್ಕಿದ್ದಂತೆ ಕಿಟಕಿಯಾಚೆ ಬಹಳ ಮುಖ್ಯವಾದದ್ದೇನೋ ಕಾಣಿಸುತ್ತದೆ. ಇಲ್ಲವೇ ಕನ್ನಡಕ ಒರೆಸಬೇಕೆನಿಸುತ್ತದೆ. ಅದೂ ಇಲ್ಲವೆಂದರೆ ಕಿವಿ ತುರಿಸುತ್ತದೆ. ಈ ಮೂರರಲ್ಲಿ ಒಂದು ಕಂಡರೆ ಸಾಕು, ಹೋಗಿ ಪಕ್ಕದಲ್ಲಿ ನಿಂತರೆ ಆಸಾಮಿ ಅಲ್ಲೇ ಬೆವೆತುಹೋಗುತ್ತಿದ್ದ. ‘ಈಕೆಯ ಕಣ್ಣಿಗೆ ಮಣ್ಣೆರಚಿದವರು ಇನ್ನೂ ಹುಟ್ಟಿಲ್ಲ’ ಎಂದು ನನ್ನ ನಿವೃತ್ತಿಯ ದಿನ ಡಿಪೋ ಮ್ಯಾನೇಜರು ಭಾಷಣ ಮಾಡಿದರು. ಆ ಸಾಲು ಬರೆದುಕೊಟ್ಟದ್ದು ನಾನೇ, ಅದು ಬೇರೆ ಮಾತು.

ಮನೆಯಲ್ಲಿ ಕೂತ ಮೇಲೆ ತಪಾಸಣೆಗೆ ಸಿಕ್ಕಿದ್ದು ನನ್ನ ಗಂಡ ಒಬ್ಬರೇ. ಎರಡೇ ತಿಂಗಳಲ್ಲಿ ಅವರು ಸುಸ್ತಾಗಿ, ಕೈಮುಗಿದು, ನನ್ನನ್ನು ಚಿತ್ರಕಲೆಯ ತರಗತಿಗೆ ಸೇರಿಸಿಬಂದರು. ಸೈಕಲ್ ಅಂಗಡಿಯ ಮಹಡಿಯ ಮೇಲೆ ಒಂದು ಉದ್ದನೆಯ ಕೋಣೆ. ಮೆಟ್ಟಿಲಲ್ಲಿ ಗ್ರೀಸ್ ವಾಸನೆ, ಒಳಗೆ ಟರ್ಪೆಂಟೈನ್ ವಾಸನೆ. ಪ್ರತಿ ಶನಿವಾರ ಮಧ್ಯಾಹ್ನ ಮೂರಕ್ಕೆ ತರಗತಿ. ಕಲಿಸುವವರು ಶಾಲೆಯಿಂದ ನಿವೃತ್ತರಾದ ಡ್ರಾಯಿಂಗ್ ಮೇಷ್ಟ್ರು. ಕಲಿಯುವವರು ನಾಲ್ಕೇ ಜನ: ಒಬ್ಬ ಬಡಗಿ, ಒಬ್ಬರು ದನದ ಡಾಕ್ಟರಮ್ಮ, ಮನೆಗಳ ಗೋಡೆಗೆ ಬಣ್ಣ ಹೊಡೆಯುವ ಬಣ್ಣದಣ್ಣ, ಮತ್ತು ನಾನು.

ಅಲ್ಲೊಂದು ಪದ್ಧತಿಯಿದೆ. ಯಾರ ಚಿತ್ರ ಮುಗಿಯುತ್ತದೋ ಅವರ ಚಿತ್ರವನ್ನು ನಾಲ್ಕು ಶನಿವಾರ ಎಲ್ಲರೂ ಸೇರಿ ಪರೀಕ್ಷಿಸುತ್ತಾರೆ. ಬರೆದವರು ತಮ್ಮ ಚಿತ್ರಕ್ಕೆ ಬೆನ್ನು ಹಾಕಿ, ಉಳಿದವರಿಗೆ ಮುಖ ಕೊಟ್ಟು, ಒಂದು ಮರದ ಕುರ್ಚಿಯಲ್ಲಿ ಕೂರಬೇಕು. ಅದಕ್ಕೆ ಬೆನ್ನುಕುರ್ಚಿ ಎಂದು ಹೆಸರು. ಕೆಳಗಿನಿಂದ ಚಹಾ ಬರುವವರೆಗೆ ತಿರುಗಿ ನೋಡುವಂತಿಲ್ಲ, ಬಾಯಿ ಬಿಡುವಂತಿಲ್ಲ. ‘ಬರ್ದೋರು ಬಾಯಿ ತೆಗೆದ್ರೆ ವಕಾಲತ್ತು ಶುರುವಾಗುತ್ತೆ, ತಿದ್ದೋದು ನಿಂತುಹೋಗುತ್ತೆ’ ಎನ್ನುತ್ತಾರೆ ಮೇಷ್ಟ್ರು. ಎಣ್ಣೆಬಣ್ಣ ಒಣಗಲು ಹೊತ್ತು ಬೇಕಾದ್ದರಿಂದ ಚಿತ್ರ ಕೋಣೆಯಲ್ಲೇ ಉಳಿಯುತ್ತದೆ. ಕೋಣೆಯ ಬೀಗದ ಕೈ ಸೈಕಲ್ ಅಂಗಡಿಯ ಬಾಗಿಲ ಹಿಂದಿನ ಮೊಳೆಯಲ್ಲಿ ನೇತಾಡುತ್ತಿರುತ್ತದೆ. ಬಂದು ತಿದ್ದಿಕೊಂಡು ಹೋಗಬೇಕಾದದ್ದು ಬರೆದವರ ಜವಾಬ್ದಾರಿ.

ಈಗ ನನ್ನ ಚಿತ್ರದ ವಿಷಯ. ಅಕ್ಕ ಫೋನ್ ಮಾಡಿದ್ದಳು.

“ಮುಂದಿನ ತಿಂಗಳು ನನಗೆ ಅರವತ್ತೈದು ತುಂಬುತ್ತೆ. ಬಟ್ಟೆ ಗಿಟ್ಟೆ ಏನೂ ತರಬೇಡ. ಮಾವನ ಕೊಟ್ಟಿಗೆ ಬರೆದುಕೊಡು, ನಡುಮನೆ ಗೋಡೆಗೆ ಹಾಕ್ತೀನಿ. ಆದ್ರೆ ಒಂದು ಮಾತು. ಅವತ್ತು ಏಣಿ ಎಲ್ಲಿತ್ತೋ ಅಲ್ಲೇ ಇರಬೇಕು.”

ಆ ಏಣಿಯ ಕಥೆ ಹೇಳಿಬಿಡುತ್ತೇನೆ, ಹೊಟ್ಟೆಯಲ್ಲಿಟ್ಟುಕೊಂಡು ಸಾಕಾಗಿದೆ. ನನಗೆ ಒಂಬತ್ತು, ಅವಳಿಗೆ ಹನ್ನೆರಡು. ರಜೆಗೆ ಸೋದರಮಾವನ ಮನೆಗೆ ಹೋಗಿದ್ದೆವು. ಅವಳು ನನ್ನ ಹೊಸ ಬಣ್ಣದ ಪೆನ್ಸಿಲ್ ಡಬ್ಬಿ ಕಸಿದುಕೊಂಡು ಕೊಟ್ಟಿಗೆಯ ಅಟ್ಟ ಹತ್ತಿ ಕೂತಳು. ನಾನು ಕೆಳಗಿನಿಂದ ಏಣಿ ಎಳೆದು ಹುಲ್ಲಿನಲ್ಲಿ ಮಲಗಿಸಿದೆ. ನೂರು ಎಣಿಸುವವರೆಗೆ ಅಳಲಿ, ಆಮೇಲೆ ಇಟ್ಟರಾಯಿತು ಎಂದುಕೊಂಡಿದ್ದೆ. ನಲವತ್ತು ಎಣಿಸುವಷ್ಟರಲ್ಲಿ ಒಂದು ಕರು ಹಗ್ಗ ಬಿಚ್ಚಿಕೊಂಡು ಓಡಿತು, ನಾನು ಅದರ ಹಿಂದೆ ಓಡಿದೆ. ಕರು ಸಿಗಲಿಲ್ಲ, ಎಣಿಕೆ ಮರೆತುಹೋಯಿತು. ಅಕ್ಕ ಕೂಗಿ ಕೂಗಿ ಸಾಕಾಗಿ ಮೇಲಿಂದ ಹಾರಿದಳು. ಕಾಲು ಮುರಿಯಿತು.

ದೊಡ್ಡವರು ಬರುವಷ್ಟರಲ್ಲಿ ನಾನು ಏಣಿಯನ್ನು ಇದ್ದ ಜಾಗಕ್ಕೆ ಒರಗಿಸಿಬಿಟ್ಟಿದ್ದೆ. ಆ ಹೊತ್ತಿಗೆ ಅವಳಿಗೆ ನೋವಿನಲ್ಲಿ ಕಣ್ಣು ಕತ್ತಲಿಟ್ಟಿತ್ತು. “ಏಣಿ ಇರಲಿಲ್ಲ” ಎಂದು ಅವಳು ಅತ್ತಳು. ಎಲ್ಲರೂ ಎದುರಿಗೇ ನಿಂತಿದ್ದ ಏಣಿಯನ್ನು ನೋಡಿದರು, ಅವಳನ್ನು ನೋಡಿದರು, ನನ್ನನ್ನು ನೋಡಿದರು. “ಇಲ್ಲೇ ಇತ್ತಲ್ಲ” ಎಂದೆ ನಾನು. ಅಷ್ಟೇ ನನ್ನ ಸುಳ್ಳು, ಎರಡು ಪದ. ಅವತ್ತಿನಿಂದ ಅವಳು ಮನೆಮಂದಿಗೆಲ್ಲ ಕಪ್ಪೆಯಕ್ಕ. ಏಣಿ ಬಿಟ್ಟು ಹಾರಿದವಳು. ಈಗ ಮೊಮ್ಮಕ್ಕಳ ಬಾಯಲ್ಲಿ ಕಪ್ಪೆಯಜ್ಜಿ. ಎಡಗಾಲು ಇವತ್ತಿಗೂ ಸ್ವಲ್ಪ ಎಳೆಯುತ್ತದೆ. ಐವತ್ಮೂರು ವರ್ಷದಿಂದ ಸಿಕ್ಕಾಗಲೆಲ್ಲ ಅವಳು “ಏಣಿ ಇರಲಿಲ್ಲ” ಅನ್ನುತ್ತಾಳೆ, ನಾನು “ಇತ್ತು” ಅನ್ನುತ್ತೇನೆ.

ಊರಿನ ಕಳ್ಳ ಪ್ರಯಾಣಿಕರನ್ನೆಲ್ಲ ಹಿಡಿದವಳು ನಾನು. ನನ್ನನ್ನು ಮಾತ್ರ ಯಾರೂ ಹಿಡಿದಿರಲಿಲ್ಲ. ಸಿಕ್ಕಿಬೀಳಲು ನನಗೂ ಮನಸ್ಸಿರಲಿಲ್ಲ. ಹಾಗಾಗಿ ಹೆಂಚಿನ ಮಾಡು, ಹಲಗೆಯ ಬಾಗಿಲು, ನೀರಿನ ತೊಟ್ಟಿ, ಒಂದು ಕಂದು ಹಸು ಎಲ್ಲ ಬರೆದು, ಅಟ್ಟದ ಕಿಂಡಿಗೆ ನೆಟ್ಟಗೆ ಒಂದು ಏಣಿ ನಿಲ್ಲಿಸಿದೆ. ಇನ್ನು ಅಕ್ಕ ದಿನಾ ಬೆಳಗ್ಗೆ ಎದ್ದು ಅದನ್ನೇ ನೋಡಬೇಕು. ನನ್ನ ಸುಳ್ಳಿಗೆ ಚೌಕಟ್ಟು ಹಾಕಿಸಿ ಅವಳ ಮನೆಯಲ್ಲೇ ತೂಗುಹಾಕುವ ಯೋಜನೆ ಅದು. ಒಳಗೊಳಗೇ ಚುಚ್ಚುತ್ತಿತ್ತು, ಸುಳ್ಳು ಹೇಳುವುದಿಲ್ಲ. ಆದರೂ ಬರೆದೆ.

ಮೊದಲ ಶನಿವಾರ ಬೆನ್ನುಕುರ್ಚಿಯಲ್ಲಿ ಕೂತೆ. ಬೆನ್ನ ಹಿಂದೆ ಬಣ್ಣದಣ್ಣ ಬಟ್ಟೆ ಸರಿಸಿದ.

ಬಡಗಿ ಗಂಟಲು ಸರಿಮಾಡಿಕೊಂಡ. “ಬಾಗ್ಲು ಗಾಳೀಲಿ ನಿಂತಿದೆಯಲ್ಲ ಮೇಡಂ. ಅಷ್ಟು ಭಾರದ ಹಲಗೆ, ಎರಡೇ ಎರಡು ಕೀಲು. ಇಷ್ಟೊತ್ತಿಗೆ ಜೋತುಬೀಳ್ಬೇಕಿತ್ತು. ಕೆಳಗೊಂದು ಕಲ್ಲಾದ್ರೂ ಕೊಡಿ ಪಾಪ.”

“ಹಸುಗೆ ಮಂಡಿ ಎಲ್ಲಿ?” ಎಂದರು ಡಾಕ್ಟರಮ್ಮ. “ನಾಲ್ಕೂ ಮೇಜಿನ ಕಾಲು. ಹಾಯಾಗಿರೋ ಹಸು ಒಂದು ಹಿಂಗಾಲು ಸಡಿಲ ಬಿಟ್ಟು ನಿಂತ್ಕೊಳ್ಳುತ್ತೆ. ಹೀಗೆ ನಿಂತಿದ್ರೆ ನಾನು ಸೂಜಿ ಹಿಡ್ಕೊಂಡು ಓಡೋಗ್ತಿದ್ದೆ.”

ಮೇಷ್ಟ್ರಿಗೆ ಆಕಾಶ ಒಗೆದು ಹಾಕಿದ ಚಾದರದಂತೆ ಕಂಡಿತು. ಕೊನೆಯಲ್ಲಿ ಬಣ್ಣದಣ್ಣ. ಮೂವತ್ತು ವರ್ಷ ಏಣಿಯ ಮೇಲೆಯೇ ಬದುಕಿದವನು. ಅವನ ಮುಖದಲ್ಲಿ ನಿಜವಾದ ಸಂಕಟವಿತ್ತು.

“ಅಕ್ಕಾವ್ರೇ, ಬಾಗ್ಲು ಹಸು ಎಲ್ಲ ಆಮೇಲೆ. ಈ ಏಣಿ ಯಾರ್ನಾದ್ರೂ ಸಾಯಿಸುತ್ತೆ. ಇಷ್ಟು ನೆಟ್ಟಗೆ ನಿಲ್ಸಿದ್ರೆ ಹತ್ತಿದೋನು ಹಿಂದಕ್ಕೇ ಬೀಳೋದು. ಅದೂ ಅಲ್ದೆ, ಕೆಲಸ ಇಲ್ಲದ ಏಣೀನ ಯಾರಾದ್ರೂ ನಿಲ್ಸಿಡ್ತಾರಾ? ಮಕ್ಳು ಮರಿ ಓಡಾಡೋ ಜಾಗ. ಕೆಲಸ ಮುಗೀತಾ, ಗೋಡೆ ಪಕ್ಕ ಹುಲ್ಲಲ್ಲಿ ಮಲಗಿಸ್ಬಿಡಿ. ಮಲಗಿರೋ ಏಣಿಯಿಂದ ಯಾರಿಗೂ ಪೆಟ್ಟಾಗಲ್ಲ.”

ಮಲಗಿರುವ ಏಣಿಯಿಂದ ಏನೇನಾಗುತ್ತದೆಂದು ನನಗೆ ಗೊತ್ತಿತ್ತು. ಬಾಯಿ ಬಿಡುವಂತಿರಲಿಲ್ಲವಾದ್ದರಿಂದ ಹಲ್ಲು ಕಚ್ಚಿ ಕೂತೆ. ಚಹಾ ಬಂದ ಕೂಡಲೇ, “ಎಲ್ಲ ತಿದ್ತೀನಿ. ಏಣಿ ಮಾತ್ರ ಜಪ್ಪಯ್ಯ ಅಂದ್ರೂ ಮುಟ್ಟಲ್ಲ” ಎಂದೆ. ಬಣ್ಣದಣ್ಣ ತಟ್ಟೆಯಲ್ಲಿದ್ದ ಬಿಸ್ಕತ್ತನ್ನೂ ಮುಟ್ಟಲಿಲ್ಲ.

ಮೆಟ್ಟಿಲಿಳಿಯುವಾಗ ನನಗೆ ಮೈಯೆಲ್ಲ ಉರಿಯುತ್ತಿತ್ತು. ಎಲ್ಲ ಬಿಟ್ಟು ನನ್ನ ಮಾವನ ಹಸುವಿಗೆ ಮಂಡಿಯಿಲ್ಲವಂತೆ! ಕೊನೆಯ ಮೆಟ್ಟಿಲಿಗೆ ಬರುವಷ್ಟರಲ್ಲಿ ಒಂದು ಒಳ್ಳೆಯ ಕಿತಾಪತಿ ಹೊಳೆಯಿತು. ಒಂದು ಕೂದಲೆಳೆಯನ್ನೂ ತಿದ್ದುವುದಿಲ್ಲ. ಬುಧವಾರ ಬಂದು ತಿದ್ದಿದೆ ಎಂದು ಹೇಳುತ್ತೇನೆ. ಆಮೇಲೆ ಇವರ ಮುಖ ನೋಡುತ್ತೇನೆ.

ಎರಡನೇ ಶನಿವಾರ, ಬುಧವಾರ ಬಂದು ತಿದ್ದಿದೆ ಎಂದು ಹೇಳಿ ಕೂತೆ. ಬಟ್ಟೆ ಸರಿಯಿತು. ಬಡಗಿ ತಲೆದೂಗಿದ. “ಆಹಾ, ಕಲ್ಲು ಕೂತ ಮೇಲೆ ನೋಡಿ, ಬಾಗ್ಲಿಗೆ ಒಂದು ತೂಕ ಬಂತು. ಮೇಡಂ ಮಾತು ಕೇಳಿದ್ರು.” ಹೇಳುತ್ತ ಹೇಳುತ್ತ ಅವನ ಕೈ ಮೆಲ್ಲಗೆ ಕಿವಿಗೆ ಹೋಯಿತು. ತುರಿಸಿಕೊಂಡ.

ಸಿಕ್ಕಿಬಿದ್ದ! ಇಲ್ಲದ ಕಲ್ಲನ್ನು ಹೊಗಳುತ್ತಿದ್ದಾನೆ ಪುಣ್ಯಾತ್ಮ. ನಗು ತಡೆಯಲು ನಾನು ಕೆನ್ನೆಯ ಒಳಭಾಗವನ್ನು ಕಚ್ಚಿಕೊಂಡೆ. ಚಹಾ ಬಂದ ಮೇಲೂ ತಿರುಗಿ ನೋಡಲಿಲ್ಲ. ನಾನೇ ಬರೆದದ್ದು, ಯಾರೂ ಮುಟ್ಟದ್ದು, ಅದರಲ್ಲಿ ನೋಡುವುದೇನಿದೆ? ನೋಡಬೇಕಾದದ್ದೆಲ್ಲ ಎದುರಿಗಿತ್ತು. ಬಡಗಿ ತಾನೇ ಮುಂದೆ ಬಂದು ಚಿತ್ರಕ್ಕೆ ಬಟ್ಟೆ ಮುಚ್ಚಿ ಮೂಲೆಗಿಟ್ಟ. ಅವತ್ತು ಬಸ್ಸಿನಲ್ಲಿ ಮನೆಗೆ ಹೋಗುವಾಗ ಒಬ್ಬಳೇ ನಗುತ್ತಿದ್ದೆ. ಪಕ್ಕದ ಹೆಂಗಸು ಸೀಟು ಬದಲಿಸಿದಳು.

ಮೂರನೇ ಶನಿವಾರ ಇನ್ನೂ ರುಚಿಯಾಗಿತ್ತು. “ಹಿಂಗಾಲು ಸಡಿಲ ಬಿಟ್ಟಮೇಲೆ ಹಸುಗೆ ಜೀವ ಬಂತು. ಕೈ ಚೆನ್ನಾಗಿ ಕೂತಿದೆ ನಿಮಗೆ” ಎಂದ ಡಾಕ್ಟರಮ್ಮ ಕನ್ನಡಕ ತೆಗೆದು ಒರೆಸಿದರು. ಒರೆಸಿದ್ದನ್ನೇ ಮತ್ತೆ ಒರೆಸಿದರು. “ಆಕಾಶಕ್ಕೆ ಸಂಜೆಗೆಂಪು ಇಷ್ಟೇ ಸಾಕು, ಹದವಾಗಿದೆ” ಎಂದ ಮೇಷ್ಟ್ರು ಕಿಟಕಿಯಾಚೆ ನೋಡುತ್ತಿದ್ದರು. ಕಿಟಕಿಯಾಚೆ ಇದ್ದದ್ದು ಎದುರು ಮನೆಯ ನೀರಿನ ಟ್ಯಾಂಕು. ನನಗೆ ಹೊಟ್ಟೆ ಹುಣ್ಣಾಗುವಷ್ಟು ನಗು ಉಕ್ಕಿ ಕೆಮ್ಮಿನಂತೆ ಹೊರಬಂತು. ಓದಿದವರು, ಪಾಠ ಹೇಳಿದವರು, ಮೂರೂ ಜನ ಕಿವಿ, ಕನ್ನಡಕ, ಕಿಟಕಿ!

ಬಣ್ಣದಣ್ಣ ಮಾತ್ರ ತಲೆ ತಗ್ಗಿಸಿ, “ಏಣಿ ಇನ್ನೂ ಹಂಗೇ ನಿಂತಿದೆ” ಎಂದ. “ನನಗೆ ನಿದ್ದೆ ಬರ್ತಿಲ್ಲ ಅಕ್ಕಾವ್ರೇ. ಯಾವನೋ ಹತ್ತಿ ಬಿದ್ದಂಗೇ ಕನಸು.” ಇಡೀ ಕೋಣೆಯಲ್ಲಿ ಇದ್ದದ್ದನ್ನು ಇದ್ದಂತೆ ಹೇಳಿದವನು ಅವನೊಬ್ಬನೇ ಎಂದು ನನಗೆ ಅವನ ಮೇಲೆ ಗೌರವ ಹುಟ್ಟಿತು. ಚಹಾ ಬಂದ ಮೇಲೆ, ಅವತ್ತೂ ಹಿಂದೆ ತಿರುಗಿ ನೋಡದೆ, ಏಣಿ ಮಾತ್ರ ಬದಲಿಸಲಾರೆ ಎಂದು ಮತ್ತೊಮ್ಮೆ ಹೇಳಿದೆ.

ಮನೆಗೆ ಬಂದು ಚಪ್ಪಲಿ ಬಿಡುವಾಗ ತಲೆಗೆ ಬಂದ ಯೋಚನೆಗೆ ನಾನೇ ಬೆರಗಾದೆ. ಅಕ್ಕನನ್ನು ಕರೆಸಬೇಕು! ನಾಲ್ಕನೇ ಶನಿವಾರ ಅವಳನ್ನು ಅವರ ಜೊತೆಗೇ ಕೂರಿಸಬೇಕು. ಅವರು ಮತ್ತೆ ಇಲ್ಲದ ಕಲ್ಲು, ಇಲ್ಲದ ಮಂಡಿ, ಇಲ್ಲದ ಸಂಜೆಗೆಂಪು ಎಲ್ಲ ಹೊಗಳಲಿ. ಚಹಾ ಬಂದ ಕೂಡಲೇ ನಾನು ಎದ್ದು ನಿಂತು, “ಚಿತ್ರ ಒಂದಿಷ್ಟೂ ಬದಲಾಗಿಲ್ಲ” ಎಂದು ಹೇಳುತ್ತೇನೆ. ಆಮೇಲೆ ಅಕ್ಕನ ಕಡೆ ತಿರುಗಿ, “ನೋಡಿದ್ಯಾ? ಮೂರು ಜನ ದೊಡ್ಡವರಿಗೇ ಇಲ್ಲದ್ದು ಕಾಣುತ್ತೆ. ಹನ್ನೆರಡು ವರ್ಷದ ಹುಡುಗಿಗೆ ಇದ್ದ ಏಣಿ ಕಾಣದೇ ಹೋಗಿರಬಾರದಾ?” ಎನ್ನುತ್ತೇನೆ. ಐವತ್ಮೂರು ವರ್ಷದ ಜಗಳ ಅಲ್ಲಿಗೆ ಮುಗಿಯುತ್ತದೆ. ಅಕ್ಕ ತನ್ನ ಕಣ್ಣನ್ನೇ ನಂಬದ ಹಾಗಾಗುತ್ತಾಳೆ. ಇಷ್ಟು ಚೆಂದದ ಮೋಸ ನನ್ನ ಕೆಲಸದ ಕಾಲದಲ್ಲಿ ಯಾವ ಪ್ರಯಾಣಿಕನೂ ಮಾಡಿರಲಿಲ್ಲ. ನಾಚಿಕೆಯಾಗಬೇಕಿತ್ತು, ಆಗಲಿಲ್ಲ. ಖುಷಿಯಾಯಿತು.

ಶನಿವಾರ ಅಕ್ಕ ಬಂದಳು. ಮೆಟ್ಟಿಲನ್ನು ಒಂದೊಂದಾಗಿ, ಬಲಗಾಲು ಮುಂದಿಟ್ಟು ಎಡಗಾಲು ಸೇರಿಸುತ್ತ ಹತ್ತಿದಳು. “ಮಹಡಿ ಮೇಲೇ ಆಗಬೇಕಿತ್ತೇನೆ ನಿಮ್ಮ ಕ್ಲಾಸು?” ಎಂದಳು. ಮೇಷ್ಟ್ರು ಬೆನ್ನುಕುರ್ಚಿಯ ಪದ್ಧತಿ ವಿವರಿಸಿ ಅವಳನ್ನು ಬಡಗಿಗೂ ಡಾಕ್ಟರಮ್ಮನಿಗೂ ನಡುವೆ ಕೂರಿಸಿದರು. ನಾನು ಮಹಾರಾಣಿಯ ಹಾಗೆ ಬೆನ್ನುಕುರ್ಚಿಯಲ್ಲಿ ಕೂತೆ. ಬಣ್ಣದಣ್ಣ ನನ್ನ ಬೆನ್ನ ಹಿಂದೆ ಬಟ್ಟೆ ಸರಿಸಿ, ನೇರ ಹೋಗಿ ಕಿಟಕಿ ಪಕ್ಕ ನಿಂತ.

“ಇವತ್ತು ಅತಿಥಿಗಳೇ ಶುರುಮಾಡ್ಲಿ” ಎಂದರು ಮೇಷ್ಟ್ರು.

ಅಕ್ಕನ ಕಣ್ಣು ನನ್ನ ಭುಜದ ಪಕ್ಕದಿಂದ ಹಾಯ್ದು ಹಿಂದಕ್ಕೆ ಹೋಗಿ ಅಲ್ಲೇ ನಿಂತಿತು. ತುಟಿ ಸ್ವಲ್ಪ ತೆರೆಯಿತು, ಮುಚ್ಚಿತು. ಲಕ್ಷಾಂತರ ಮುಖ ನೋಡಿದವಳು ನಾನು, ಈ ಮುಖ ಯಾವ ಲೆಕ್ಕಕ್ಕೂ ಸಿಗಲಿಲ್ಲ. ಕಡೆಗೆ ಅವಳು ಮೆಲ್ಲಗೆ, “ಏಣಿ ಕೆಳಗಿದೆ” ಎಂದಳು.

ನನಗೆ ಕುಣಿಯಬೇಕೆನಿಸಿತು! ಚಿತ್ರದಲ್ಲಿ ಕಣ್ಣೆದುರಿಗೇ ನಿಲ್ಲಿಸಿಟ್ಟ ಏಣಿಯೂ ಇವಳಿಗೆ ಕೆಳಗೇ ಕಾಣುತ್ತಿದೆ. ಇದಕ್ಕಿಂತ ಸಾಕ್ಷಿ ಬೇಕೇ? ಚಹಾ ಬರುವವರೆಗೆ ಕಾಯುವ ತಾಳ್ಮೆ ಯಾರಿಗಿದೆ? ಪದ್ಧತಿ ಗಿದ್ಧತಿ ಎಲ್ಲ ಮರೆತು, “ಎಲ್ಲಿದೆ ಕೆಳಗೆ? ಇಲ್ಲಿ ನೋಡು!” ಎಂದು ಕೂಗುತ್ತ, ಬೆರಳು ಚಾಚಿಕೊಂಡೇ ಹಿಂದಕ್ಕೆ ತಿರುಗಿದೆ.

ಏಣಿ ಹುಲ್ಲಿನಲ್ಲಿ ಮಲಗಿತ್ತು.

ಚಾಚಿದ ಬೆರಳು ಚಾಚಿದಂತೆಯೇ ಉಳಿಯಿತು. ಅಟ್ಟದ ಕಿಂಡಿಯ ಕೆಳಗೆ ಬರಿಯ ಗೋಡೆ, ಅಚ್ಚುಕಟ್ಟಾಗಿ ಬಳಿದ ಗೋಡೆ. ಬಾಗಿಲ ಕೆಳಗೆ ಕಲ್ಲು ಇತ್ತು. ಹಸು ಹಿಂಗಾಲು ಸಡಿಲ ಬಿಟ್ಟು ಹಾಯಾಗಿ ನಿಂತಿತ್ತು. ಆಕಾಶದಲ್ಲಿ ಸಂಜೆಗೆಂಪು. ಇಡೀ ಚಿತ್ರದಲ್ಲಿ ನನ್ನದೆಂದು ಉಳಿದದ್ದು ನೀರಿನ ತೊಟ್ಟಿ, ಹೆಂಚು ಮತ್ತು ಮೂಲೆಯ ಸಹಿ. ಮತ್ತೆ ಈ ಕಡೆ ತಿರುಗಿದೆ. ಬಡಗಿ ಕಿವಿ ಹಿಡಿದುಕೊಂಡಿದ್ದ. ಡಾಕ್ಟರಮ್ಮನ ಕನ್ನಡಕ ಕೈಯಲ್ಲಿತ್ತು. ಮೇಷ್ಟ್ರೂ ಬಣ್ಣದಣ್ಣನೂ ಒಂದೇ ಕಿಟಕಿಯಲ್ಲಿ ತಲೆ ಹಾಕಿ ಅದೇ ನೀರಿನ ಟ್ಯಾಂಕು ನೋಡುತ್ತಿದ್ದರು. ಟಿಕೆಟ್ ಇಲ್ಲದವರ ಮುಖವನ್ನು ನಾನು ಸರಿಯಾಗಿಯೇ ಗುರುತಿಸಿದ್ದೆ. ಯಾವ ಬಸ್ಸು ಎಂಬುದು ಮಾತ್ರ ತಪ್ಪಿತ್ತು. ಅವರು ಇಲ್ಲದ್ದನ್ನು ಹೊಗಳುತ್ತಿರಲಿಲ್ಲ, ಕದ್ದು ಬಂದು ತಾವೇ ತಿದ್ದಿದ್ದನ್ನು ಹೊಗಳಿಕೊಳ್ಳುತ್ತಿದ್ದರು.

ಅಷ್ಟರಲ್ಲಿ ಅಕ್ಕ ಎದ್ದಳು. ಕಾಲೆಳೆಯುತ್ತ ನನ್ನನ್ನು ದಾಟಿ ಚಿತ್ರದ ಹತ್ತಿರ ಹೋಗಿ, ಮಲಗಿದ ಏಣಿಯ ಮೇಲೆ ಬೆರಳಿಟ್ಟಳು. ಬಣ್ಣ ಇನ್ನೂ ಹಸಿಯಿತ್ತು, ಬೆರಳಿಗೆ ಅಂಟಿತು.

“ಇಲ್ಲೇ ಇತ್ತು. ತೊಟ್ಟಿ ಪಕ್ಕ, ಗೋಡೆಗೆ ಸೇರ್ಕೊಂಡ ಹಾಗೆ. ಮೇಲಿಂದ ನಂಗೆ ಕಾಣ್ತಾನೇ ಇತ್ತು. ಅಷ್ಟು ದೂರ ಕೈ ಹೇಗೆ ಎಟುಕುತ್ತೆ?” ಅವಳು ನನ್ನ ಕಡೆ ತಿರುಗಿದಳು. “ನಾನೇ ಹುಚ್ಚೀನೇನೋ ಅಂತ ಎಷ್ಟು ಸಲ ಅನ್ಕೊಂಡಿದೀನಿ ಗೊತ್ತಾ? ಕೊನೆಗೂ ಒಪ್ಕೊಂಡ್ಯಲ್ಲ. ಬಾಯಲ್ಲಿ ಹೇಳದೇ ಇದ್ರೂ ಬರೆದು ಒಪ್ಕೊಂಡೆ. ನಿನಗೆ ಅಷ್ಟು ದೊಡ್ಡ ಮನಸ್ಸಿದೆ ಅಂತ ನಾನು ಅನ್ಕೊಂಡಿರ್ಲಿಲ್ಲ ಕಣೇ.”

ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಇದಕ್ಕಿಂತ ಸುಲಭ ಯಾವುದಿದೆ? ಬೆವರು ಸುರಿಸದೆ, ತಲೆ ತಗ್ಗಿಸದೆ, ತಪ್ಪೊಪ್ಪಿಕೊಂಡ ಪುಣ್ಯ ತಾನಾಗಿ ಬಂದು ಮಡಿಲಿಗೆ ಬಿದ್ದಿತ್ತು. ಹೌದಕ್ಕಾ ಎಂದು ಕಣ್ಣೊರೆಸಿಕೊಂಡಿದ್ದರೆ ಮುಗಿಯುತ್ತಿತ್ತು. ಬಣ್ಣದಣ್ಣನೂ ಬಾಯಿ ಬಿಡುತ್ತಿರಲಿಲ್ಲ. ಆದರೆ ಅಕ್ಕನ ಒದ್ದೆ ಕಣ್ಣು ನೋಡಿದಾಗ ನನಗೆ ಮೊದಲ ಸಲ ನಿಜವಾಗಿ ನಾಚಿಕೆಯಾಯಿತು. ಇವಳನ್ನು ಎರಡನೇ ಸಲ ಅಟ್ಟದ ಮೇಲೆ ಬಿಟ್ಟು ಓಡಲು ಕಾಲು ಏಳಲಿಲ್ಲ. ಕೈ ತಾನಾಗಿ ಕಿವಿಗೆ ಹೋಗುತ್ತಿತ್ತು, ಎಳೆದು ಕೆಳಗಿಳಿಸಿದೆ.

“ಅಕ್ಕಾ, ಆ ಏಣಿ ಮಲಗಿಸಿದ್ದು ನಾನಲ್ಲ.”

ಅವಳ ಮುಖ ಬಾಡಿಹೋಯಿತು. “ಮತ್ತೆ ಶುರು ಮಾಡಿದ್ಯಾ? ಎದುರಿಗೇ ಇದ್ಯಲ್ಲೇ! ಇನ್ನೂ ಇಲ್ಲ ಅಂತೀಯಾ?”

“ಪೂರ್ತಿ ಕೇಳು. ಚಿತ್ರದಲ್ಲಿ ಮಲಗಿಸಿದ್ದು ನಾನಲ್ಲ, ಅಲ್ಲಿ ನಾನು ನಿಲ್ಸೇ ಇಟ್ಟಿದ್ದೆ. ಕೊಟ್ಟಿಗೇಲಿ ಮಲಗಿಸಿದ್ದು ನಾನು. ಎಲ್ಲರೂ ಬರೋಷ್ಟ್ರಲ್ಲಿ ವಾಪಸ್ ನಿಲ್ಸಿದ್ದೂ ನಾನೇ.”

ಕೆಳಗೆ ಸೈಕಲ್ ಅಂಗಡಿಯಲ್ಲಿ ಯಾರೋ ಚಕ್ರ ತಿರುಗಿಸಿ ಬಿಟ್ಟ ಸದ್ದು ಬಂತು.

“ನಾನು ನಿನ್ನೆ ಬಂದಿದ್ದೆ” ಎಂದ ಬಣ್ಣದಣ್ಣ ಕಿಟಕಿಗೆ ಹೇಳುವ ಹಾಗೆ. “ತಡ್ಕೊಳ್ಳೋಕೆ ಆಗ್ಲಿಲ್ಲ. ತಪ್ಪಾಯ್ತು ಅಕ್ಕಾವ್ರೇ.”

“ನಾನು ಮೊದಲ್ನೇ ವಾರವೇ ಬಂದಿದ್ದೆ” ಎಂದ ಬಡಗಿ. “ಒಂದು ಕಲ್ಲು ತಾನೇ ಅಂತ...”

“ಕುಂಟೋ ಹಸು ನೋಡ್ಕೊಂಡು ಸುಮ್ನಿರೋಕಾಗುತ್ತಾ?” ಎಂದು ಡಾಕ್ಟರಮ್ಮ ಜಗಳಕ್ಕೇ ಬಂದರು. ಎಲ್ಲರೂ ಮೇಷ್ಟ್ರ ಕಡೆ ನೋಡಿದೆವು. ಅವರು ಗಂಟಲು ಸರಿಮಾಡಿಕೊಂಡು, “ಆಕಾಶ ಅನ್ನೋದು ಎಲ್ಲರಿಗೂ ಸೇರಿದ್ದಲ್ವಾ” ಎಂದರು.

ಮೊದಲು ನಕ್ಕದ್ದು ಅಕ್ಕ. ಅಳುತ್ತಲೇ ನಕ್ಕಳು, ಕಣ್ಣೊರೆಸಿಕೊಳ್ಳಲು ಹೋಗಿ ಬೆರಳಲ್ಲಿದ್ದ ಏಣಿಯ ಕಂದುಬಣ್ಣವನ್ನು ಕೆನ್ನೆಗೆಲ್ಲ ಬಳಿದುಕೊಂಡಳು. ನನಗೂ ನಗು ಬಂತು, ಅದರ ಹಿಂದೆಯೇ ಅಳುವೂ ಬಂತು. ಏನು ಹೇಳಬೇಕೆಂದು ತಿಳಿಯದೆ, “ಪೆನ್ಸಿಲ್ ಡಬ್ಬಿ ನನ್ನದಾಗಿತ್ತು” ಎಂದೆ.

ಅಕ್ಕ ನಗು ನಿಲ್ಲಿಸಿದಳು. ಹೋಗಿ ತನ್ನ ಜಾಗದಲ್ಲಿ ಕೂತು, ಎಡಗಾಲನ್ನು ಎರಡೂ ಕೈಯಿಂದ ಎತ್ತಿ ಮುಂದಕ್ಕೆ ಚಾಚಿಕೊಂಡಳು. ಆಮೇಲೆ ಮೇಷ್ಟ್ರನ್ನು ಕೇಳಿದಳು, “ಚಹಾ ಬರೋವರೆಗೂ ಆ ಕುರ್ಚೀಲಿ ಕೂತವರು ಬಾಯಿ ಬಿಡಬಾರದು ಅಲ್ವಾ?”

“ಹೌದಮ್ಮ, ಅದೇ ಪದ್ಧತಿ.”

“ಹಾಗಾದ್ರೆ ಚಹಾ ಸ್ವಲ್ಪ ತಡವಾಗಿ ತರೋಕೆ ಹೇಳಿ.” ಅವಳು ನನಗೆ ಕಣ್ಣಲ್ಲೇ ಕುರ್ಚಿ ತೋರಿಸಿದಳು. “ಕೂತ್ಕೊಳ್ಳೇ. ಐವತ್ಮೂರು ವರ್ಷದ್ದು ಹೇಳೋದಿದೆ.”

ನಾನು ಬೆನ್ನುಕುರ್ಚಿಯಲ್ಲಿ ಕೂತು ಬಾಯಿ ಮುಚ್ಚಿಕೊಂಡೆ.